ಹಿಂದಿನ ಸಾಲಿನ ಮಗುವೂ ಶಾಲೆಯ ಹೊಣೆಯೂ

ವಿದ್ಯಾಸಂಸ್ಥೆಯೊಂದು ತನ್ನ ಬಾಳಿನ ಒಂದು ಘಟ್ಟವನ್ನು ಮುಟ್ಟಿ ಸ್ಮರಣ ಸಂಪುಟವನ್ನು ಹೊರತರುವಾಗ ಅದರ ಪುಟಗಳಲ್ಲಿ ಸಂತೋಷದ ಲೆಕ್ಕಗಳೇ ತುಂಬಿರುವುದು ಸಹಜ. ಕಟ್ಟಿದ ಕೊಠಡಿಗಳೆಷ್ಟು, ಪರೀಕ್ಷೆಯಲ್ಲಿ ತೇರ್ಗಡೆಯಾದವರೆಷ್ಟು, ಉನ್ನತ ಹುದ್ದೆಗಳನ್ನು ಅಲಂಕರಿಸಿದ ಹಳೆಯ ವಿದ್ಯಾರ್ಥಿಗಳೆಷ್ಟು ಎಂಬುದೆಲ್ಲ ಅಲ್ಲಿ ಕ್ರಮವಾಗಿ ನಮೂದಾಗಿರುತ್ತದೆ. ಅಂತಹ ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಆದರೆ ಯಾವ ಸಂಪುಟದಲ್ಲಿಯೂ ಸಾಮಾನ್ಯವಾಗಿ ಕಾಣದ ಇನ್ನೊಂದು ಲೆಕ್ಕವಿದೆ. ಒಂದನೆಯ ತರಗತಿಯ ಪ್ರವೇಶ ಪುಸ್ತಕವನ್ನೂ ಅದೇ ಮಕ್ಕಳು ತಲುಪಬೇಕಾಗಿದ್ದ ಹತ್ತನೆಯ ತರಗತಿಯ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಡುವೆ ಎಲ್ಲಿಯೋ ಕಳೆದುಹೋದ ಕೆಲವು ಹೆಸರುಗಳು ಎದ್ದು ಕಾಣುತ್ತವೆ. ಬೇರೆ ಊರಿಗೆ ಹೋದವರನ್ನೂ ಬೇರೆ ಶಾಲೆಗೆ ಸೇರಿದವರನ್ನೂ ಕಳೆದರೆ ಉಳಿಯುವ ಆ ಹೆಸರುಗಳಲ್ಲಿ ಸರಿಯಾಗಿ ಕೇಳಿಸದ, ಸರಿಯಾಗಿ ಕಾಣಿಸದ, ನಡೆಯಲಾಗದ, ಅಕ್ಷರಗಳನ್ನು ಕೂಡಿಸಿ ಓದಲಾಗದ ಮಕ್ಕಳು ಇರುವುದುಂಟು. ಅವರು ಶಾಲೆಯನ್ನು ಬಿಟ್ಟರು ಎಂದು ದಾಖಲೆ ಹೇಳುತ್ತದೆ. ಶಾಲೆಯೇ ಅವರನ್ನು ಬಿಟ್ಟಿತೇ ಎಂಬ ಪ್ರಶ್ನೆಯನ್ನು ಮಾತ್ರ ದಾಖಲೆ ಕೇಳುವುದಿಲ್ಲ.

ಈ ಪ್ರಶ್ನೆ ಬೆಂಗಳೂರು, ಮೈಸೂರುಗಳಂತಹ ನಗರಗಳಲ್ಲಿ ಒಂದು ರೂಪದಲ್ಲಿದ್ದರೆ ಮಲೆನಾಡಿನ ಹಳ್ಳಿಗಳಲ್ಲಿ ಮತ್ತೊಂದು ರೂಪದಲ್ಲಿದೆ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂತಹ ಊರನ್ನೇ ತೆಗೆದುಕೊಳ್ಳಬಹುದು. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿಲ್ಲ. ಒಂದು ಅಡಿಕೆ ತೋಟದ ಅಂಚಿನಲ್ಲೊಂದು ಮನೆ, ಗುಡ್ಡದ ಆಚೆಯ ಮಗ್ಗುಲಲ್ಲಿ ಇನ್ನೊಂದು ಮನೆ. ನಡುವೆ ಗದ್ದೆಯ ಬದು, ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೇ ಮಳೆಯೂ ಹಿಡಿಯುತ್ತದೆ. ಎರಡು ಕಾಲು ಗಟ್ಟಿಯಿರುವ ಮಗುವೇ ಆ ಸಂಕದ ಮೇಲೆ ಒಬ್ಬರ ಕೈ ಹಿಡಿದು ದಾಟಬೇಕು. ಒಂದು ಕಾಲು ಸ್ವಾಧೀನದಲ್ಲಿಲ್ಲದ ಮಗುವಿನ ಪಾಡೇನು? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಶಾಲೆಗಳಿಗೆ ಈ ಮಾತು ಒಂದೇ ಸಮನಾಗಿ ಅನ್ವಯಿಸುತ್ತದೆ. ಇಲ್ಲಿ ಶಾಲೆಯ ಬಾಗಿಲಿನ ಮೆಟ್ಟಿಲಿಗಿಂತ ಮೊದಲು ಮನೆಯಿಂದ ರಸ್ತೆಗೆ ಬರುವ ದಾರಿಯೇ ಮಗುವಿನ ಮೊದಲ ಪರೀಕ್ಷೆ.

ಎರಡನೆಯ ಪರೀಕ್ಷೆ ತರಗತಿಯೊಳಗೆ. ಆಷಾಢದ ಮಳೆ ಹೆಂಚಿನ ಮೇಲೆಯೋ ತಗಡಿನ ಮೇಲೆಯೋ ಸುರಿಯುತ್ತಿರುವಾಗ ಅಧ್ಯಾಪಕರ ಧ್ವನಿ ಮುಂದಿನ ಸಾಲಿನ ಮಗುವಿಗೇ ಅರೆಬರೆ ಕೇಳಿಸುತ್ತದೆ. ಕಿವಿ ಸೋರಿ ಸೋರಿ ಶ್ರವಣಶಕ್ತಿ ಕುಂದಿದ ಮಗುವಿಗೆ ಆ ನಾಲ್ಕು ತಿಂಗಳ ಪಾಠ ಬಹುಮಟ್ಟಿಗೆ ತುಟಿಗಳ ಚಲನೆ ಮಾತ್ರ. ಮೋಡ ಕವಿದು ವಿದ್ಯುತ್ತೂ ಇಲ್ಲದ ಮಧ್ಯಾಹ್ನ ದೃಷ್ಟಿ ಮಂದವಾದ ಮಗುವಿಗೆ ಕರಿಹಲಗೆ ಬರಿಯ ಕಪ್ಪು ಗೋಡೆ. ಈ ಮಕ್ಕಳು ಕೂಗುವುದಿಲ್ಲ, ದೂರುವುದಿಲ್ಲ. ತಮಗೆ ಕೇಳಿಸುವುದಕ್ಕಿಂತ ಹೆಚ್ಚು ಇತರರಿಗೆ ಕೇಳಿಸುತ್ತದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಅವರು ಮೆಲ್ಲನೆ ಹಿಂದಿನ ಸಾಲಿಗೆ ಸರಿಯುತ್ತಾರೆ. ಅಧ್ಯಾಪಕರು 'ಮಂದಬುದ್ಧಿ' ಎಂದೋ 'ಅಲಕ್ಷ್ಯದ ಹುಡುಗ' ಎಂದೋ ಬರೆದುಕೊಳ್ಳುತ್ತಾರೆ. ತಂದೆತಾಯಿಗಳು ಹಣೆಬರಹವೆಂದು ಸುಮ್ಮನಾಗುತ್ತಾರೆ. ಮೂರು ಕಡೆಯೂ ಕೆಟ್ಟ ಮನಸ್ಸಿಲ್ಲ. ಆದರೂ ಒಂದು ಬಾಳು ಅಲ್ಲಿಯೇ ಕುಂಠಿತವಾಗುತ್ತದೆ.

ವಿಶೇಷ ಅಗತ್ಯವುಳ್ಳ ಮಕ್ಕಳು ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಪೂರ್ಣ ಅಂಧತೆ, ಪೂರ್ಣ ಕಿವುಡುತನ, ಊರುಗೋಲು, ಗಾಲಿಕುರ್ಚಿಗಳ ಚಿತ್ರ. ಆದರೆ ಕಣ್ಣಿಗೆ ಕಾಣುವ ಊನಗಳಿಗಿಂತ ಕಾಣದ ತೊಡಕುಗಳೇ ತರಗತಿಯಲ್ಲಿ ಹೆಚ್ಚು ವಂಚನೆ ಮಾಡುತ್ತವೆ. ಕಲಿಕೆಯ ನಿರ್ದಿಷ್ಟ ನ್ಯೂನತೆ ಎಂದು ಈಗ ಕರೆಯಲಾಗುವ ಸ್ಥಿತಿ ಇದಕ್ಕೆ ಉತ್ತಮ ನಿದರ್ಶನ. ಇಂತಹ ಮಗು ಮಾತಿನಲ್ಲಿ ಚುರುಕು, ಆಟದಲ್ಲಿ ಚುರುಕು, ತೋಟದ ಕೆಲಸದಲ್ಲಿ ಚುರುಕು. ಓದಲು ಪುಸ್ತಕ ತೆರೆದರೆ ಮಾತ್ರ ತಡವರಿಸುತ್ತದೆ. ಕನ್ನಡ ಲಿಪಿಯ ಸ್ವರೂಪವನ್ನು ಬಲ್ಲವರಿಗೆ ಇದರ ಕಷ್ಟ ಅರ್ಥವಾಗದಿರದು. ವರ್ಣಮಾಲೆಯ ಅಕ್ಷರಗಳು ಐವತ್ತರ ಆಸುಪಾಸಿನಲ್ಲಿದ್ದರೂ ಕಾಗುಣಿತ ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರು ಆಗುತ್ತವೆ; ಅದರ ಮೇಲೆ ಒತ್ತಕ್ಷರಗಳು. ದ, ಧ, ಥ ಎಂಬಲ್ಲಿ ಒಂದು ಚುಕ್ಕೆ ಅಥವಾ ಒಂದು ಸಣ್ಣ ಗೀಟು ಅರ್ಥವನ್ನೇ ಬದಲಿಸುತ್ತದೆ. ಪ, ಫ, ಷ ಎಂಬ ಮೂರು ಅಕ್ಷರಗಳು ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಸಾಮಾನ್ಯ ಮಗುವಿಗೂ ಇವೆಲ್ಲ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳು ಬೇಕು. ಧ್ವನಿಗೂ ರೂಪಕ್ಕೂ ಇರುವ ನಂಟನ್ನು ಹಿಡಿಯುವುದರಲ್ಲಿಯೇ ತೊಡಕುಳ್ಳ ಮಗುವಿಗೆ ಇನ್ನಷ್ಟು ಕಾಲ, ಇನ್ನೊಂದು ಕ್ರಮ, ಹೆಚ್ಚಿನ ಸಹನೆ ಬೇಕು. ಬೆತ್ತವಾಗಲಿ ಬೈಗುಳವಾಗಲಿ ಆ ನಂಟನ್ನು ಬೆಸೆಯಲಾರದು. ಮಂಕುತನಕ್ಕೂ ಈ ತೊಡಕಿಗೂ ಸಂಬಂಧವಿಲ್ಲ ಎಂಬುದನ್ನು ಪ್ರತಿಯೊಬ್ಬ ಅಧ್ಯಾಪಕನೂ ಮನದಟ್ಟು ಮಾಡಿಕೊಳ್ಳಬೇಕಾಗಿದೆ.

ಕನ್ನಡ ನಾಡಿಗೆ ಈ ಕಾಳಜಿ ಹೊಸದಲ್ಲ. ಮೈಸೂರಿನಲ್ಲಿ ಅಂಧರ ಮತ್ತು ಕಿವುಡರ ಶಾಲೆ 1901ರಷ್ಟು ಹಿಂದೆಯೇ ಆರಂಭವಾಯಿತು. ವಾಕ್ ಶ್ರವಣ ವಿಜ್ಞಾನಕ್ಕಾಗಿಯೇ ಮೀಸಲಾದ ಅಖಿಲ ಭಾರತ ಮಟ್ಟದ ಸಂಸ್ಥೆಯೊಂದು 1960ರ ದಶಕದಲ್ಲಿ ಅದೇ ನಗರದಲ್ಲಿ ತಲೆಯೆತ್ತಿತು. ಆದರೆ ಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಎಲ್ಲಕ್ಕಿಂತ ಹತ್ತಿರದ ದೃಷ್ಟಾಂತ ಗದಗಿನದು. ಹಾನಗಲ್ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನ ಕಂಠವನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಗುರುತಿಸಿದರು. ಆತನಿಗೆ ಅನ್ನ ಹಾಕಿ ಮೂಲೆಯಲ್ಲಿ ಕೂರಿಸದೆ ಸಂಗೀತ ವಿದ್ಯೆಯನ್ನು ಕೊಡಿಸಿದರು. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರನ್ನು ಅವರು ಶಿಷ್ಯನಾಗಿ ಸ್ವೀಕರಿಸಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಆರು ದಶಕಗಳಿಗೂ ಮೀರಿದ ಕಾಲ ಅಲ್ಲಿ ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ, ಬಡ ಮಕ್ಕಳಿಗೆ ಜಾತಿಯ ಎಣಿಕೆಯಿಲ್ಲದೆ ಊಟ, ವಸತಿ, ವಿದ್ಯೆಗಳು ದೊರೆತವು.

ಈ ದೃಷ್ಟಾಂತದಿಂದ ಇಂದಿನ ಶಾಲೆಗಳು ಕಲಿಯಬೇಕಾದ ಪಾಠಗಳು ಎರಡು. ಮೊದಲನೆಯದು: ದಯೆಗೂ ವಿದ್ಯೆಗೂ ಇರುವ ಅಂತರ. ಅಂಧ ಬಾಲಕನಿಗೆ ಅನ್ನವಿಕ್ಕುವ ದಯೆ ಆ ಕಾಲದಲ್ಲಿಯೂ ಬೇಕಾದಷ್ಟಿತ್ತು. ಆತನಿಗೆ ಶಿಸ್ತಿನ ಶಿಕ್ಷಣ ಕೊಟ್ಟರೆ ಆತ ಇತರರಿಗೆ ಗುರುವಾಗಬಲ್ಲ ಎಂಬ ನಂಬಿಕೆ ಮಾತ್ರ ವಿರಳವಾಗಿತ್ತು. ಪಂಚಾಕ್ಷರ ಗವಾಯಿಗಳ ಶಿಷ್ಯರಲ್ಲಿ ಕಣ್ಣಿದ್ದವರೂ ಇದ್ದರು; ಹಿಂದೂಸ್ತಾನಿ ಸಂಗೀತದಲ್ಲಿ ಹೆಸರಾದ ಬಸವರಾಜ ರಾಜಗುರು ಅವರಲ್ಲೊಬ್ಬರು. ಕಣ್ಣಿದ್ದವರೂ ಇಲ್ಲದವರೂ ಒಬ್ಬ ಅಂಧ ಗುರುವಿನ ಮುಂದೆ ಒಂದೇ ಜಮಖಾನೆಯ ಮೇಲೆ ಕುಳಿತು ಕಲಿತರು ಎಂಬ ಸಂಗತಿಯೇ, ಇಂದು ಸಮನ್ವಯ ಶಿಕ್ಷಣವೆಂಬ ಹೆಸರಿನಲ್ಲಿ ಹೇಳಲಾಗುವ ತತ್ತ್ವಕ್ಕೆ ಸಾಕಾದ ಭಾಷ್ಯ. ಎರಡನೆಯ ಪಾಠ: ಆ ಕಾಲದ ಮಿತಿಯನ್ನೇ ಈ ಕಾಲದ ಮಿತಿಯೆಂದು ತಿಳಿಯಬಾರದು. ಅಂದು ಅಂಧರಿಗೆ ತೆರೆದಿದ್ದ ಗೌರವದ ದಾರಿ ಬಹುಮಟ್ಟಿಗೆ ಸಂಗೀತವೊಂದೇ. ಇಂದು ಆರು ಚುಕ್ಕೆಗಳ ಬ್ರೈಲ್ ಲಿಪಿಯಲ್ಲಿ ಕನ್ನಡವನ್ನು ಓದಬಹುದು. ಗಣಕಯಂತ್ರವೂ ಕೈಯೊಳಗಿನ ದೂರವಾಣಿಯೂ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಆದುದರಿಂದ ಕಂಠವಿಲ್ಲದ ಅಂಧ ಮಗುವಿಗೂ ಗಣಿತ, ವಿಜ್ಞಾನ, ಇತಿಹಾಸಗಳ ಮೇಲೆ ಹಕ್ಕಿದೆ. ಅಂಧನೆಂದರೆ ಹಾಡಲಿ ಎನ್ನುವುದು ಗದಗಿನ ಗುರುಗಳಿಗೆ ಸಲ್ಲಿಸುವ ಗೌರವವಲ್ಲ. ಒಬ್ಬೊಬ್ಬರಲ್ಲಿಯೂ ಇರುವ ಶಕ್ತಿಯನ್ನು ಹುಡುಕುವುದೇ ನಿಜವಾದ ಗೌರವ.

ಶಾಸನದ ಹಾದಿಯನ್ನೂ ಇಲ್ಲಿ ಸ್ಥೂಲವಾಗಿ ಗಮನಿಸುವುದು ಉಚಿತ. 1964-66ರ ಕೊಠಾರಿ ಆಯೋಗವು ಅಂಗವಿಕಲ ಮಕ್ಕಳ ಶಿಕ್ಷಣ ಸಾಮಾನ್ಯ ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದು ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರ ಅಂತಹ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ತರುವ ಯೋಜನೆಯನ್ನು ಕೈಗೊಂಡಿತು. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅವುಗಳನ್ನು ಇಪ್ಪತ್ತೊಂದಕ್ಕೆ ಏರಿಸಿ, ಕಲಿಕೆಯ ನಿರ್ದಿಷ್ಟ ನ್ಯೂನತೆಯನ್ನೂ ಸ್ವಲೀನತೆಯನ್ನೂ ಒಳಗೊಂಡಿತು. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ, ಇಲ್ಲವೇ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದು ನೀಡಿದೆ. ಅದೇ ಕಾಯಿದೆಯ 16ನೆಯ ಪ್ರಕರಣ ಸರ್ಕಾರದ ಧನಸಹಾಯ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳನ್ನು ಕುರಿತದ್ದು. ಭೇದವಿಲ್ಲದೆ ಸೇರಿಸಿಕೊಳ್ಳುವುದು, ಕಟ್ಟಡವನ್ನು ಎಲ್ಲರೂ ಪ್ರವೇಶಿಸುವಂತೆ ಮಾಡುವುದು, ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸುವುದು, ಕಲಿಕೆಯ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚುವುದು, ಸಾರಿಗೆ ಸೌಕರ್ಯ ಕಲ್ಪಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಮಠ ನಡೆಸುವ ಶಾಲೆಯಾಗಲಿ ಸಂಘ ನಡೆಸುವ ಶಾಲೆಯಾಗಲಿ, ಮಾನ್ಯತೆಯ ಪತ್ರ ಗೋಡೆಯ ಮೇಲಿರುವ ತನಕ ಈ ಹೊಣೆಯಿಂದ ಹೊರಗಿಲ್ಲ. ಶಾಲಾ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕೆಂದೂ ಕಾಯಿದೆ ವಿಧಿಸಿದೆ. 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತು ಮಂದಿಗೆ ಒಬ್ಬರಂತೆ, ಪ್ರೌಢ ಹಂತದಲ್ಲಿ ಹದಿನೈದು ಮಂದಿಗೆ ಒಬ್ಬರಂತೆ ವಿಶೇಷ ಶಿಕ್ಷಕರಿರಬೇಕೆಂದು ನಿರ್ದೇಶಿಸಿತು.

ಕಾಗದದ ಮೇಲೆ ಇಷ್ಟೆಲ್ಲ ಇರುವಾಗ ಕೊರತೆಯೆಲ್ಲಿ? ಕಾಯಿದೆಗೂ ಅಡ್ಡಗದ್ದೆಗೂ ನಡುವೆ ಇರುವ ದಾರಿಯಲ್ಲಿ. ಸೌಲಭ್ಯಗಳಿಗೆಲ್ಲ ಕೀಲಿಕೈ ವೈಕಲ್ಯದ ಪ್ರಮಾಣಪತ್ರ. ತಜ್ಞ ವೈದ್ಯರ ಪರೀಕ್ಷೆ ಬೇಕಾದಾಗ ಶೃಂಗೇರಿ ಸೀಮೆಯ ತಾಯಿಯೊಬ್ಬಳು ಮಗುವನ್ನು ಕಟ್ಟಿಕೊಂಡು ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿನವರೆಗೆ ಘಟ್ಟದ ತಿರುವುಗಳನ್ನು ದಾಟಿ ಹೋಗಬೇಕಾಗುತ್ತದೆ. ಹೋಗಿಬರಲು ಇಡೀ ದಿನ, ಆ ದಿನದ ಕೂಲಿಯ ನಷ್ಟ, ಬಸ್ಸಿನ ವೆಚ್ಚ. ಅಂದು ವೈದ್ಯರು ಸಿಗದಿದ್ದರೆ ಮತ್ತೊಂದು ದಿನ. ಅರ್ಜಿ ಈಗ ಅಂತರ್ಜಾಲದ ಮೂಲಕವೇ ಸಾಗಬೇಕು; ಅಂತರ್ಜಾಲವೋ ಗುಡ್ಡದ ನೆತ್ತಿ ಹತ್ತಿದರೆ ಸಿಗುವ ವಸ್ತು. ಎರಡನೆಯ ಬಾರಿ ಹೋಗುವ ಉತ್ಸಾಹ ಎಷ್ಟು ಮನೆಗಳಲ್ಲಿ ಉಳಿದೀತು? ಇನ್ನು ಶೇಕಡ 40ರ ಗೆರೆಯ ಕೆಳಗೆ ನಿಂತ ಮಗುವಿಗೆ ಪ್ರಮಾಣಪತ್ರದ ಪ್ರಯೋಜನವೂ ಕಡಿಮೆ. ಆದರೆ ಅದರ ಕಷ್ಟ ಗೆರೆಯನ್ನು ನೋಡಿ ನಿಲ್ಲುವುದಿಲ್ಲ.

ತಾಲ್ಲೂಕಿನ ಸಂಪನ್ಮೂಲ ಕೇಂದ್ರಗಳಲ್ಲಿ ಸಮನ್ವಯ ಶಿಕ್ಷಣಕ್ಕಾಗಿ ನೇಮಕವಾದ ಸಂಪನ್ಮೂಲ ಶಿಕ್ಷಕರಿದ್ದಾರೆ. ತೀವ್ರ ವೈಕಲ್ಯದಿಂದ ಶಾಲೆಗೆ ಬರಲಾರದ ಮಕ್ಕಳ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣದ ಏರ್ಪಾಡೂ ಇದೆ. 2012ರ ತಿದ್ದುಪಡಿಯ ಮೂಲಕ ಶಿಕ್ಷಣ ಹಕ್ಕು ಕಾಯಿದೆಯೇ ಅದಕ್ಕೆ ಅವಕಾಶ ನೀಡಿದೆ. ಆದರೆ ಬೆರಳೆಣಿಕೆಯ ಶಿಕ್ಷಕರು ಇಡೀ ತಾಲ್ಲೂಕಿನ ಗುಡ್ಡಗಳನ್ನು ಸುತ್ತಬೇಕೆಂದರೆ ಒಂದು ಮನೆಯ ಬಾಗಿಲಿಗೆ ಅವರು ಎಷ್ಟು ಬಾರಿ ಬಂದಾರು, ಬಂದಾಗ ಎಷ್ಟು ಹೊತ್ತು ಕುಳಿತಾರು? ಮೇಲಾಗಿ ಇಲ್ಲೊಂದು ಅಪಾಯವೂ ಅಡಗಿದೆ. ತುಸು ಅನುಕೂಲ ಮಾಡಿಕೊಟ್ಟರೆ ತರಗತಿಗೆ ಬರಬಹುದಾದ ಮಗುವನ್ನೂ 'ಮನೆಯಲ್ಲಿಯೇ ಇರಲಿ' ಎಂದು ಪಟ್ಟಿಗೆ ಸೇರಿಸಿಬಿಟ್ಟರೆ ಗೃಹಾಧಾರಿತ ಶಿಕ್ಷಣ ಸಹಾಯವಾಗದೆ ಗಡೀಪಾರಾಗುತ್ತದೆ. ಮಗುವಿಗೆ ಅಕ್ಷರ ಬೇಕಾದಂತೆ ಓರಗೆಯವರೂ ಬೇಕು.

ಈ ವಿಷಯ ಪ್ರಸ್ತಾಪವಾದಾಗಲೆಲ್ಲ ಶಾಲೆಗಳ ಕಡೆಯಿಂದ ಮೂರು ಆಕ್ಷೇಪಗಳು ಬರುತ್ತವೆ. ಅವುಗಳನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ.

ಒಬ್ಬ ಮಗುವಿಗಾಗಿ ಹೆಚ್ಚು ಹೊತ್ತು ಕೊಟ್ಟರೆ ಉಳಿದವರ ಪಾಠ ಹಿಂದುಳಿಯುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯದ ಅಂಶವಿದೆ. ಒಬ್ಬನೇ ಅಧ್ಯಾಪಕ ಹಲವು ತರಗತಿಗಳನ್ನು ನೋಡಿಕೊಳ್ಳುವ ಶಾಲೆಯಲ್ಲಿ ಆ ಸತ್ಯ ಇನ್ನೂ ಭಾರವಾದದ್ದು. ಆದರೆ ಅನುಭವ ಹೇಳುವ ಇನ್ನೊಂದು ಸತ್ಯವೂ ಇದೆ. ಕಿವಿ ಮಂದವಾದ ಮಗುವಿಗಾಗಿ ಅಧ್ಯಾಪಕರು ಹಲಗೆಯ ಕಡೆ ತಿರುಗಿ ಮಾತಾಡದೆ ಮಕ್ಕಳ ಕಡೆ ಮುಖ ಮಾಡಿ ನಿಧಾನವಾಗಿ ಮಾತಾಡಿದರೆ ಲಾಭವಾಗುವುದು ಇಡೀ ತರಗತಿಗೆ. ದೃಷ್ಟಿ ಮಂದವಾದ ಮಗುವಿಗಾಗಿ ದಪ್ಪಕ್ಷರದಲ್ಲಿ ಬರೆದದ್ದನ್ನು ಎಲ್ಲರೂ ಸ್ಪಷ್ಟವಾಗಿ ಓದುತ್ತಾರೆ. ಓದಲು ತೊಡಕುಳ್ಳ ಮಗುವಿಗಾಗಿ ಪಾಠವನ್ನು ಚಿತ್ರದಲ್ಲಿ, ವಸ್ತುವಿನಲ್ಲಿ, ಕಥೆಯಲ್ಲಿ ಹೇಳಿದರೆ ಉಳಿದವರಿಗೂ ಅದು ನೆನಪಿನಲ್ಲಿ ನಿಲ್ಲುತ್ತದೆ. ಕರ್ನಾಟಕದ ನಲಿಕಲಿ ಪದ್ಧತಿಯೇ ಇದಕ್ಕೆ ಸಾಕ್ಷಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ಈ ಕ್ರಮದಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತದೆ. ಕೆಲವು ದಿನ ಬಾರದಿದ್ದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಇದು ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ರೂಪಿಸಿದ ಪದ್ಧತಿಯಲ್ಲ. ಆದರೂ ಎಲ್ಲರನ್ನೂ ಒಂದೇ ದಿನ ಒಂದೇ ಪುಟಕ್ಕೆ ತರಬೇಕಾಗಿಲ್ಲ ಎಂಬ ಅದರ ಮೂಲ ತತ್ತ್ವ ಆ ಮಕ್ಕಳಿಗೆ ಅತ್ಯಂತ ಹಿತಕರ. ದುರದೃಷ್ಟವಶಾತ್ ಆ ತತ್ತ್ವ ಮೂರನೆಯ ತರಗತಿಗೆ ಮುಗಿಯುತ್ತದೆ. ಮಗುವಿನ ತೊಡಕು ಮುಗಿಯುವುದಿಲ್ಲ.

ಎರಡನೆಯ ಆಕ್ಷೇಪ: ಇಂತಹ ಮಕ್ಕಳಿಗೆ ವಿಶೇಷ ಶಾಲೆಗಳೇ ಉತ್ತಮವಲ್ಲವೇ? ಕೆಲವರಿಗೆ ಉತ್ತಮ, ನಿಶ್ಚಯ. ಹುಟ್ಟಿನಿಂದಲೇ ಏನೂ ಕೇಳಿಸದ ಮಗುವನ್ನು ಸಂಜ್ಞಾಭಾಷೆ ಬಾರದ ಅಧ್ಯಾಪಕರ ಮುಂದೆ, ಸಂಜ್ಞಾಭಾಷೆ ಬಾರದ ಓರಗೆಯವರ ನಡುವೆ ಕೂರಿಸಿ ಅದನ್ನು ಸಮನ್ವಯವೆಂದು ಕರೆದರೆ ಆತ್ಮವಂಚನೆಯಾಗುತ್ತದೆ. ಮಗುವಿಗೆ ಮೊದಲು ಒಂದು ಭಾಷೆ ಬೇಕು. ಅದು ಸಿಗುವ ಕಡೆ ಅದನ್ನು ಕಳುಹಿಸುವುದು ಶಾಲೆಯ ಸೋಲಲ್ಲ. ಆದರೆ ಅಡ್ಡಗದ್ದೆಯ ಆರು ವರ್ಷದ ಮಗುವನ್ನು ದೂರದ ನಗರದ ವಸತಿ ಶಾಲೆಗೆ ಕಳುಹಿಸುವುದೆಂದರೆ ತಾಯಿಯ ಮಡಿಲಿನಿಂದ ಅದನ್ನು ಕಿತ್ತಂತೆಯೇ. ಆ ನಿರ್ಧಾರ ತಂದೆತಾಯಿಗಳದಾಗಬೇಕು, ಮಗುವಿನ ಹಿತದೃಷ್ಟಿಯಿಂದ ಆಗಬೇಕು. ಹತ್ತಿರದ ಶಾಲೆ ಕೈಚೆಲ್ಲಿದ ಕಾರಣಕ್ಕೆ ಆಗಬಾರದು. ಹೆಚ್ಚಿನ ಮಕ್ಕಳಿಗೆ ಊರಿನ ಶಾಲೆಯೇ ಸಾಕು, ಆ ಶಾಲೆ ತುಸು ಬದಲಾದರೆ.

ಮೂರನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆಚರಿಸುವವರು ಹೆಚ್ಚು. ಅದು ಫಲಿತಾಂಶದ ಚಿಂತೆ. ಹತ್ತನೆಯ ತರಗತಿಯಲ್ಲಿ ನೂರಕ್ಕೆ ನೂರು ಎಂಬ ಫಲಕ ಹಾಕಬೇಕೆಂಬ ಹಂಬಲದಲ್ಲಿ ಎಂಟನೆಯ ತರಗತಿಯ ಪ್ರವೇಶದಲ್ಲಿಯೇ 'ಈ ಹುಡುಗನಿಗೆ ಬೇರೆ ಶಾಲೆ ಅನುಕೂಲ' ಎಂಬ ಸವಿಮಾತು ಹೊರಡುತ್ತದೆ. ಒಂಬತ್ತನೆಯ ತರಗತಿಯ ಕೊನೆಗೆ 'ಖಾಸಗಿಯಾಗಿ ಪರೀಕ್ಷೆ ಕಟ್ಟಲಿ' ಎಂಬ ಸಲಹೆ ಬರುತ್ತದೆ. ಕಾನೂನು ಇಂತಹ ವಿದ್ಯಾರ್ಥಿಗೆ ಬರಹಗಾರನ ಸಹಾಯವನ್ನೂ ಹೆಚ್ಚಿನ ಕಾಲಾವಕಾಶವನ್ನೂ ಒದಗಿಸಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಲಿಖಿತ ಪರೀಕ್ಷೆಯ ಪ್ರತಿ ಗಂಟೆಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಕಾಲವನ್ನು ಸೂಚಿಸಿತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಈ ಸೌಲಭ್ಯವನ್ನು ಸಕಾಲದಲ್ಲಿ ಕೇಳಿ ಪಡೆಯುವುದು ಮುಖ್ಯೋಪಾಧ್ಯಾಯರ ಕೆಲಸ. ಅದನ್ನು ಮಾಡದೆ ಮಗುವನ್ನೇ ಹೊರಗಿಟ್ಟು ಪಡೆದ ನೂರರಲ್ಲಿ ಒಂದು ಸೊನ್ನೆ ಹೆಚ್ಚಾಗಿದೆಯೆಂದೇ ತಿಳಿಯಬೇಕು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು 'ನೀನು ನಿಧಾನವಾಗಿ ಉಣ್ಣುತ್ತೀಯೆ' ಎಂದು ಎಬ್ಬಿಸುವ ಪದ್ಧತಿ ಯಾವ ಮಠದಲ್ಲಿಯೂ ಇಲ್ಲ. ಅನ್ನದ ಪಂಕ್ತಿಗಿರುವ ಧರ್ಮ ಅಕ್ಷರದ ಪಂಕ್ತಿಗೆ ಇಲ್ಲವೇ?

ಹಾಗಾದರೆ ಶಾಲೆ ಮಾಡಬೇಕಾದದ್ದೇನು? ಮೊದಲನೆಯದು ಗುರುತಿಸುವುದು. ಜೂನ್ ತಿಂಗಳ ಮೊದಲ ವಾರಗಳಲ್ಲಿಯೇ ಪ್ರತಿ ಮಗುವಿನ ಕಣ್ಣು, ಕಿವಿಗಳನ್ನು ಸರಳವಾಗಿ ಪರೀಕ್ಷಿಸಲು ಅಧ್ಯಾಪಕರಿಗೆ ಸಾಧ್ಯ. ಹಿಂದಿನಿಂದ ಮೆಲ್ಲನೆ ಹೆಸರು ಕರೆದಾಗ ತಿರುಗದ ಮಗು, ಹಲಗೆಯನ್ನು ಕಣ್ಣು ಕಿರಿದಾಗಿಸಿ ನೋಡುವ ಮಗು, ಮಾತಿನಲ್ಲಿ ಜಾಣನಾಗಿ ಬರಹದಲ್ಲಿ ಸೋಲುವ ಮಗು ಇವರ ಹೆಸರುಗಳು ಒಂದು ಪುಸ್ತಕದಲ್ಲಿ ದಾಖಲಾಗಬೇಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಶಾಲೆಗೆ ಬಂದಾಗ ಆ ಪುಸ್ತಕವನ್ನು ಅವರ ಮುಂದಿಟ್ಟರೆ ತಪಾಸಣೆ ಹೆಚ್ಚು ಸಾರ್ಥಕವಾಗುತ್ತದೆ. ಕಿವಿ ಸೋರುವುದಕ್ಕೆ ಮದ್ದಿದೆ, ಮಂದದೃಷ್ಟಿಗೆ ಬಹುಪಾಲು ಕನ್ನಡಕವಿದೆ. ಎಷ್ಟೋ ವೇಳೆ 'ದಡ್ಡ'ನೆಂಬ ಹೆಸರು ಒಂದು ಕನ್ನಡಕದಿಂದ ಅಳಿಸಿಹೋಗುವಂಥದು.

ಎರಡನೆಯದು ತರಗತಿಯ ಏರ್ಪಾಡು. ಕೇಳಿಸದ ಮಗು ಮುಂದಿನ ಸಾಲಿನಲ್ಲಿ, ಕಾಣಿಸದ ಮಗು ಬೆಳಕಿನ ಕಿಟಕಿಯ ಬಳಿ, ಗಮನ ಚೆದರುವ ಮಗು ಅಧ್ಯಾಪಕರ ಮೇಜಿನ ಹತ್ತಿರ. ಮಳೆಗಾಲದ ಗದ್ದಲವನ್ನು ತಗ್ಗಿಸಲು ಒಂದಾದರೂ ಕೊಠಡಿಗೆ ಒಳಮಾಡು. ಒಂದು ಅಡಿ ಎತ್ತರದ ಮೆಟ್ಟಿಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಎಂಬುದು ಅಂಗೀಕೃತ ಪ್ರಮಾಣ; ತಪಾಸಣೆಯ ತೃಪ್ತಿಗಾಗಿ ಮೂರಡಿಯಲ್ಲಿ ಮುಗಿಸಿದ ಕಡಿದಾದ ಇಳಿಜಾರು, ಪಾಚಿಗಟ್ಟುವ ಮಲೆನಾಡಿನಲ್ಲಿ ಮೆಟ್ಟಿಲಿಗಿಂತ ಅಪಾಯಕಾರಿ. ಗಾಲಿಕುರ್ಚಿ ಒಳಗೆ ತಿರುಗುವಷ್ಟು ಅಗಲದ ಶೌಚಾಲಯವಿಲ್ಲದಿದ್ದರೆ ಇಳಿಜಾರಿನಿಂದಲೂ ಪ್ರಯೋಜನವಿಲ್ಲ. ದಿನವಿಡೀ ನೀರು ಕುಡಿಯದೆ ಕೂರುವ ಹೆಣ್ಣುಮಗು ಹೆಚ್ಚು ದಿನ ಶಾಲೆಗೆ ಬರಲಾರಳು.

ಮೂರನೆಯದು ಪ್ರತಿ ಮಗುವಿಗೂ ಒಂದು ಪುಟದ ಯೋಜನೆ. ಈ ವರ್ಷ ಈ ಮಗು ಏನನ್ನು ಕಲಿಯಬೇಕು, ಯಾರು ಕಲಿಸಬೇಕು, ಯಾವಾಗ ನೋಡಬೇಕು ಎಂಬಷ್ಟೇ ಅದರಲ್ಲಿರಲಿ. ಸಂಪನ್ಮೂಲ ಶಿಕ್ಷಕರು ಬಂದು ಹೋದೊಡನೆ ತರಗತಿಯ ಅಧ್ಯಾಪಕರ ಹೊಣೆ ಮುಗಿಯುವುದಿಲ್ಲ. ಅವರು ದಾರಿ ತೋರುವವರು, ದಿನವೂ ನಡೆಸುವವರು ತರಗತಿಯವರೇ. ನಾಲ್ಕನೆಯದು ಓರಗೆಯವರ ಸಹಾಯ. ಸಂಕ ದಾಟಿಸುವ ಕೈ, ಟಿಪ್ಪಣಿ ಓದಿ ಹೇಳುವ ಬಾಯಿ ಒಂದೇ ಬೆಂಚಿನಲ್ಲಿ ದೊರೆಯುತ್ತವೆ. ಅಡ್ಡಹೆಸರಿನಿಂದ ಕರೆಯಬಾರದೆಂಬ ನೀತಿಯನ್ನು ಅಧ್ಯಾಪಕರು ಮೊದಲು ತಾವೇ ಪಾಲಿಸಿದರೆ ಮಕ್ಕಳು ತಾವಾಗಿ ಕಲಿಯುತ್ತಾರೆ.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ವಿಶೇಷ ಕರ್ತವ್ಯವಿದೆ. ಹೆಸರು ಕೆತ್ತಿದ ಕಲ್ಲುಳ್ಳ ಕೊಠಡಿಯನ್ನು ಕಟ್ಟಿಸಲು ದಾನಿಗಳು ದೊರೆಯುತ್ತಾರೆ. ಒಬ್ಬ ಮಗುವಿನ ವರ್ಷದ ಜೀಪಿನ ಬಾಡಿಗೆಯ ಮೇಲೆ ಹೆಸರು ಕೆತ್ತಲಾಗದು. ಆದರೂ ಮಲೆನಾಡಿನಲ್ಲಿ ಆ ಬಾಡಿಗೆಯೇ ಆ ಮಗುವಿನ ಶಾಲೆ. ಮಕ್ಕಳ ಸಂಖ್ಯೆ ಕುಗ್ಗಿ ಕೊಠಡಿಗಳು ಖಾಲಿ ಉಳಿಯುತ್ತಿರುವ ಈ ಭಾಗದಲ್ಲಿ ಹೊಸ ಕಟ್ಟಡಕ್ಕಿಂತ ಒಬ್ಬ ತರಬೇತಾದ ವಿಶೇಷ ಶಿಕ್ಷಕರ ವೇತನ ಹೆಚ್ಚು ಫಲ ಕೊಡಬಲ್ಲದು. ಒಂದು ಶಾಲೆಗೆ ಅದು ಭಾರವಾದರೆ ನಾಲ್ಕಾರು ಶಾಲೆಗಳು ಕೂಡಿ ಒಬ್ಬರನ್ನು ನೇಮಿಸಿಕೊಂಡು ವಾರದ ದಿನಗಳನ್ನು ಹಂಚಿಕೊಳ್ಳಬಹುದು. ವೈದ್ಯರಾದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಶಾಲೆಗೇ ಬಂದು ಕಣ್ಣು, ಕಿವಿಗಳ ತಪಾಸಣೆ ನಡೆಸಿಕೊಟ್ಟರೆ, ವಾಹನವುಳ್ಳವರು ಪ್ರಮಾಣಪತ್ರಕ್ಕಾಗಿ ನಾಲ್ಕು ತಾಯಂದಿರನ್ನು ಜಿಲ್ಲಾ ಕೇಂದ್ರಕ್ಕೆ ಒಂದೇ ದಿನ ಕರೆದೊಯ್ದರೆ, ಅದು ಯಾವ ಶಿಲಾನ್ಯಾಸಕ್ಕೂ ಕಡಿಮೆಯಾದ ಸೇವೆಯಲ್ಲ. ಹಾಗೆಂದು ಸರ್ಕಾರ ತನ್ನ ಪಾಲನ್ನು ದಾನಿಗಳ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಹಕ್ಕೆಂದು ಬರೆದುಕೊಟ್ಟದ್ದನ್ನು ಭಿಕ್ಷೆಯಾಗಿ ಪಡೆಯುವ ಸ್ಥಿತಿ ಮಕ್ಕಳಿಗೆ ಬರಬಾರದು. ಖಾಲಿ ಹುದ್ದೆಗಳನ್ನು ತುಂಬುವಂತೆ ಒತ್ತಾಯಿಸುವುದೂ ಸಾರ್ವಜನಿಕ ಸೇವೆಯ ಒಂದು ಭಾಗವೇ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಮಂದಿ ಅಂಗವಿಕಲರಿದ್ದರು. ಅಂದಿನ ಎಣಿಕೆ ಇಂದಿನ ಇಪ್ಪತ್ತೊಂದು ಬಗೆಗಳನ್ನು ಒಳಗೊಂಡಿರಲಿಲ್ಲ. ಕಾಣದ ತೊಡಕಿನ ಮಕ್ಕಳು ಅದರಲ್ಲಿ ಸಿಕ್ಕಿರಲಾರರು. ಲಕ್ಷಗಳ ಮಾತು ರಾಜಧಾನಿಗೆ ಇರಲಿ. ಒಂದು ಹಳ್ಳಿಯ ಶಾಲೆಗೆ ಬೇಕಾದದ್ದು ಮೂರೋ ನಾಲ್ಕೋ ಹೆಸರುಗಳು. ಅಷ್ಟು ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಸಣ್ಣ ಶಾಲೆಗಂತೂ ಅದು ಸುಲಭ, ಏಕೆಂದರೆ ಅಲ್ಲಿ ಅಧ್ಯಾಪಕರಿಗೆ ಪ್ರತಿ ಮಗುವಿನ ಮನೆಯ ದಾರಿಯೂ ಗೊತ್ತಿರುತ್ತದೆ.

ಆದುದರಿಂದ ವಿದ್ಯಾಸಂಸ್ಥೆಗಳು ಮುಂದೆ ಹೊರತರುವ ಸಂಪುಟಗಳಲ್ಲಿ ತೇರ್ಗಡೆಯ ಅಂಕಣದ ಪಕ್ಕದಲ್ಲಿ ಇನ್ನೊಂದು ಅಂಕಣ ಅಚ್ಚಾಗಲಿ: ಒಂದನೆಯ ತರಗತಿಗೆ ಸೇರಿದವರೆಷ್ಟು, ಹತ್ತನೆಯ ತರಗತಿಯವರೆಗೆ ಉಳಿದವರೆಷ್ಟು, ನಡುವೆ ಬಿಟ್ಟುಹೋದವರು ಯಾವ ಕಾರಣಕ್ಕೆ ಹೋದರು. ಮಕ್ಕಳ ಹೆಸರುಗಳು ಬೇಡ, ಸಂಖ್ಯೆ ಸಾಕು. ಆ ಅಂಕಣವನ್ನು ಸಂಕೋಚವಿಲ್ಲದೆ ಅಚ್ಚುಹಾಕಬಲ್ಲ ಶಾಲೆ, ಫಲಿತಾಂಶ ನೂರಕ್ಕೆ ಎಂಬತ್ತೇ ಆಗಿದ್ದರೂ, ನಾಡಿನ ಶ್ರೇಷ್ಠ ಶಾಲೆಗಳ ಸಾಲಿನಲ್ಲಿ ನಿಲ್ಲಲು ಅರ್ಹವಾದದ್ದು.